ಸಾವಿರ ಗಜದಾಚೆಯ ಗುರಿ: ಕಾರ್ಲೋಸ್ ಹ್ಯಾತ್‌ಕಾಕ್ ಕಂಡದ್ದು, ಕಳೆದುಕೊಂಡದ್ದು

ಸಾವಿರ ಗಜ ಅಂದ್ರೆ 914 ಮೀಟರ್. ಹೆಚ್ಚೂಕಡಿಮೆ ಒಂದು ಕಿಲೋಮೀಟರ್. ಅಷ್ಟು ದೂರದಲ್ಲಿ ನಿಂತ ಮನುಷ್ಯ ಬರಿಗಣ್ಣಿಗೆ ನೆಟ್ಟ ಕಡ್ಡಿಯ ಹಾಗೆ ಕಾಣ್ತಾನೆ. ಬಂದೂಕಿನ ಮೇಲೆ ಎಂಟು ಪಟ್ಟು ದೊಡ್ಡದು ಮಾಡುವ ಸ್ಕೋಪ್ ಕೂರಿಸಿದರೆ ಅದೇ ಮನುಷ್ಯ ನೂರಿಪ್ಪತ್ತು ಮೀಟರಿಗಿಂತಲೂ ಹತ್ತಿರ ಬಂದು ನಿಂತಂತೆ ಕಾಣುತ್ತೆ. ಆದರೆ ಸ್ಕೋಪ್ ಗುರಿಯನ್ನಷ್ಟೇ ದೊಡ್ಡದು ಮಾಡಲ್ಲ. ಹಿಡಿದವನ ಕೈ ನಡುಕ, ಉಸಿರಾಟ, ಎದೆಬಡಿತ ಎಲ್ಲವನ್ನೂ ಅಷ್ಟೇ ಪಟ್ಟು ಹಿಗ್ಗಿಸಿ ತೋರಿಸುತ್ತೆ. ಅಮೆರಿಕದ ಮರೀನ್ ಸೈನಿಕ ಕಾರ್ಲೋಸ್ ಹ್ಯಾತ್‌ಕಾಕ್ ಹೆಸರು ಮಾಡಿದ್ದು ಅಲ್ಲಾಡದೆ ಇರುವುದರಲ್ಲಿ.

ಹುಟ್ಟಿದ್ದು 1942ರ ಮೇ 20ರಂದು, ಅರ್ಕಾನ್ಸಾಸ್ ರಾಜ್ಯದ ಲಿಟಲ್ ರಾಕ್‌ನಲ್ಲಿ. ಅಪ್ಪ ಅಮ್ಮ ಬೇರೆಯಾದ ಮೇಲೆ ಬೆಳೆದಿದ್ದು ಅಜ್ಜಿ ಮನೆಯಲ್ಲಿ, ವಿನ್ ಅನ್ನೋ ಸಣ್ಣ ಊರಲ್ಲಿ. ಬಡತನದ ಮನೆ. ಹುಡುಗ ಒಂದೇ ಗುಂಡಿನ ಹಳೇ ಪಾಯಿಂಟ್ ಟೂ ಟೂ ಬಂದೂಕು ಹಿಡಿದು ಕಾಡಿಗೆ ಹೋಗಿ ಅಳಿಲು, ಮೊಲ ತಂದ್ರೆ ಅಡುಗೆಮನೆಗೆ ಅಷ್ಟು ಆಸರೆ. ಒಂದೇ ಗುಂಡು ಅಂದ್ಮೇಲೆ ತಪ್ಪಿಸೋ ಹಾಗಿಲ್ಲವಲ್ಲ. ಸ್ಕೋಪ್ ಗೀಪ್ ಏನೂ ಇರಲಿಲ್ಲ. 1959ರಲ್ಲಿ, 17 ತುಂಬಿದ ದಿನವೇ ಮರೀನ್ ಸೇರಿದ.

ಹೆಸರು ಬಂದಿದ್ದು 1965ರಲ್ಲಿ, ಓಹಿಯೋದ ಕ್ಯಾಂಪ್ ಪೆರಿಯಲ್ಲಿ. ಗೆದ್ದಿದ್ದು ವಿಂಬಲ್ಡನ್ ಕಪ್. ಟೆನಿಸ್ ಅಂದ್ಕೋಬೇಡಿ! ಬ್ರಿಟನ್ನಿನ ರೈಫಲ್ ಸಂಘದವರು ಹಿಂದೆ ವಿಂಬಲ್ಡನ್ ಬಯಲಲ್ಲೇ ಪಂದ್ಯ ನಡೆಸ್ತಿದ್ರು. ಅವರು 1875ರಲ್ಲಿ ಅಮೆರಿಕದವರಿಗೆ ಕೊಟ್ಟ ಕಪ್ ಇದು. ಸಾವಿರ ಗಜದ ಸ್ಪರ್ಧೆ, ಸ್ಕೋಪ್ ಬಳಸಬಹುದು.

ಕ್ಯಾಂಪ್ ಪೆರಿ ಇರೋದು ಈರಿ ಸರೋವರದ ದಡದಲ್ಲಿ. ನೀರಿನ ಮೇಲಿಂದ ಬರೋ ಗಾಳಿ ಒಂದೇ ಸಮ ಇರಲ್ಲ. ಆ ಕಾಲದ ಪಾಯಿಂಟ್ ತ್ರೀ ನಾಟ್ ಸಿಕ್ಸ್ ಗುಂಡಿನ ಲೆಕ್ಕ ನೋಡಿ: ನೂರು ಗಜಕ್ಕೆ ಹೊಂದಿಸಿದ ಬಂದೂಕಿನಿಂದ ಹಾರಿಸಿದ್ರೆ ಸಾವಿರ ಗಜ ಮುಟ್ಟುವಷ್ಟರಲ್ಲಿ ಅದು ಸುಮಾರು ಒಂಬತ್ತು ಮೀಟರ್ ಕೆಳಗಿಳಿದಿರುತ್ತೆ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಸಾಕು, ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ಳಿಬಿಡುತ್ತೆ. ಸ್ಕೋಪಿನೊಳಗೆ ಗುರಿ ಎಷ್ಟೇ ಸ್ಪಷ್ಟವಾಗಿ ಕಂಡರೂ ಗಾಳಿ ಕಾಣಲ್ಲ. ಕಾಣೋದು ಬಿಸಿಲ ಝಳ. ನೆಲದಿಂದೇಳುವ ಆ ಝಳ ಯಾವ ಕಡೆ ಹರೀತಿದೆ, ಎಷ್ಟು ಬಾಗಿದೆ ಅಂತ ನೋಡಿ ಗಾಳಿಯನ್ನ ಅಂದಾಜು ಮಾಡಬೇಕು. ಪಟ್ಟು ಹೆಚ್ಚಾದಷ್ಟೂ ಝಳವೂ ಹೆಚ್ಚು, ಗುರಿಹಲಗೆ ಕುದಿಯೋ ನೀರಲ್ಲಿ ಮುಳುಗಿದಂತೆ ಕುಣಿಯುತ್ತೆ. ಇವತ್ತು ಐವತ್ತು, ಅರವತ್ತು ಪಟ್ಟಿನ ಸ್ಕೋಪ್ ಕೊಳ್ಳೋರೂ ಮಧ್ಯಾಹ್ನದ ಬಿಸಿಲಿಗೆ ಪಟ್ಟು ಇಳಿಸಿಕೊಳ್ಳೋದು ಇದಕ್ಕೇ. ದುಡ್ಡು ಕೊಟ್ಟರೆ ಗಾಜು ಸಿಗುತ್ತೆ, ಗಾಳಿ ಓದೋ ಕಣ್ಣು ಸಿಗಲ್ಲ.

ಮರುವರ್ಷ, 1966ರಲ್ಲಿ, ವಿಯೆಟ್ನಾಂ. ಮೊದಲು ಕೊಟ್ಟಿದ್ದು ಮಿಲಿಟರಿ ಪೊಲೀಸ್ ಕೆಲಸ. ಕ್ಯಾಪ್ಟನ್ ಜಿಮ್ ಲ್ಯಾಂಡ್ ಸ್ನೈಪರ್ ಪಡೆ ಕಟ್ಟಲು ಪದಕ ಗೆದ್ದ ಗುರಿಕಾರರನ್ನ ಹುಡುಕುತ್ತಿದ್ದಾಗ ಹ್ಯಾತ್‌ಕಾಕ್ ಕಣ್ಣಿಗೆ ಬಿದ್ದ. ಕೈಗೆ ಬಂದದ್ದು ವಿಂಚೆಸ್ಟರ್ ಮಾಡೆಲ್ 70 ಬಂದೂಕು, ಅದರ ಮೇಲೆ ಎಂಟು ಪಟ್ಟಿನ ಯುನರ್ಟ್ಲ್ ಸ್ಕೋಪ್.

ಈ ಯುನರ್ಟ್ಲ್ ಕಥೆಯೂ ಚೆನ್ನಾಗಿದೆ. ಜಾನ್ ಯುನರ್ಟ್ಲ್ ಜರ್ಮನಿಯವನು, ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಸ್ನೈಪರ್. ಆಮೇಲೆ ಅಮೆರಿಕಕ್ಕೆ ಬಂದು ಪಿಟ್ಸ್‌ಬರ್ಗ್‌ನಲ್ಲಿ ಸ್ಕೋಪ್ ಕಂಪನಿ ಶುರು ಮಾಡಿದ. ಆತನ ಉದ್ದನೆ ಸಪೂರ ಸ್ಕೋಪು ಮೂಲತಃ ಗುರಿ ಸ್ಪರ್ಧೆಯವರಿಗೆ ಮಾಡಿದ್ದು. ಹೊಂದಿಸುವ ತಿರುಪು ಕೊಳವೆಯ ಒಳಗಿಲ್ಲ, ಹೊರಗಿನ ಹಿಡಿಕೆಯಲ್ಲಿದೆ. ಒಂದು ಡಿಗ್ರಿಯನ್ನ 60 ಪಾಲು ಮಾಡಿದರೆ ಒಂದು ಪಾಲಿಗೆ ಮಿನಿಟ್ ಅಂತಾರೆ. ತಿರುಪಿನ ಒಂದು ಕ್ಲಿಕ್ ಅಂದ್ರೆ ಕಾಲು ಮಿನಿಟ್. ಸಾವಿರ ಗಜದಲ್ಲಿ ಗುಂಡು ಬೀಳುವ ಜಾಗ ಆರೂವರೆ ಸೆಂಟಿಮೀಟರ್ ಸರಿಯುತ್ತೆ. ಗುಂಡು ಹಾರಿದಾಗ ಕೊಳವೆ ಹಿಡಿಕೆಯೊಳಗೇ ಜಾರಿ ಒದೆತ ತಪ್ಪಿಸಿಕೊಳ್ಳುತ್ತೆ. ಸ್ಪರ್ಧೆಯ ಮೈದಾನಕ್ಕೆ ಸರಿ, ಕೆಸರು ಮಳೆಯ ಕಾಡಿಗೆ ನಾಜೂಕಿನ ವಸ್ತು.

1967ರಲ್ಲಿ ಹ್ಯಾತ್‌ಕಾಕ್ ಅದೇ ಬಗೆಯ ಸ್ಕೋಪನ್ನ ದೊಡ್ಡ ಬ್ರೌನಿಂಗ್ ಮಷಿನ್‌ಗನ್ ಮೇಲೆ ಕೂರಿಸಿದ. ಆ ಗನ್ನಿನಲ್ಲಿ ಒಂದೊಂದೇ ಗುಂಡು ಹಾರಿಸಲೂ ಬರುತ್ತೆ. 2,500 ಗಜ, ಅಂದ್ರೆ 2,286 ಮೀಟರ್ ದೂರದ ಗುರಿ ಹೊಡೆದ. ಆ ದಾಖಲೆ ಮುರಿದಿದ್ದು 2002ರಲ್ಲಿ, ಅಫ್ಘಾನಿಸ್ತಾನದಲ್ಲಿ ಕೆನಡಾದ ಸೈನಿಕನಿಂದ. ಎದುರಾಳಿ ಸ್ನೈಪರನ ಸ್ಕೋಪಿನೊಳಗೇ ಗುಂಡು ನುಗ್ಗಿಸಿದ ಅನ್ನೋ ಕಥೆಯೂ ಇದೆ. ಅದು ಆಗಬೇಕಾದ್ರೆ ಇಬ್ಬರೂ ಅದೇ ಕ್ಷಣ ಒಬ್ಬರನ್ನೊಬ್ಬರು ನೋಡ್ತಿರಬೇಕು. ನಂಬದವರು ಇದ್ದಾರೆ, ಟಿವಿಯವರು ಪರೀಕ್ಷೆ ಮಾಡಿದ್ದೂ ಉಂಟು.

ದೃಢಪಟ್ಟ ಲೆಕ್ಕ 93 ಸಾವು. ಕ್ಯಾಂಪ್ ಪೆರಿಯಲ್ಲಿ ಗಾಜಿನೊಳಗೆ ಕಂಡದ್ದು ಹಲಗೆ. ಇಲ್ಲಿ ಮುಖ. ಅಭಿಮಾನಿಗಳು ಈ ಸಂಖ್ಯೆಯನ್ನ ಕ್ರಿಕೆಟ್ ಸ್ಕೋರ್ ಥರ ಹೇಳ್ತಾರೆ, ಅದು ಸರಿ ಕಾಣಲ್ಲ. ಆ 93 ಜನರಿಗೂ ಊರು ಮನೆ ಇತ್ತು.

1969ರ ಸೆಪ್ಟೆಂಬರ್ 16. ಎರಡನೇ ಬಾರಿ ವಿಯೆಟ್ನಾಂಗೆ ಹೋಗಿದ್ದ. ಹೆದ್ದಾರಿಯಲ್ಲಿ ಕೂತು ಹೋಗ್ತಿದ್ದ ಸೇನಾ ವಾಹನ ನೆಲಬಾಂಬಿಗೆ ಸಿಕ್ಕಿ ಹೊತ್ತಿ ಉರಿಯಿತು. ಹ್ಯಾತ್‌ಕಾಕ್ ತಾನೇ ಬೇಯುತ್ತಾ ಏಳು ಜನ ಸೈನಿಕರನ್ನ ಹೊರಗೆಳೆದ. ಮೈ ತೀವ್ರವಾಗಿ ಸುಟ್ಟು ಹೋಗಿ, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಚರ್ಮ ಕಸಿ ಮಾಡಿಸಿಕೊಂಡ. ಇದಕ್ಕೆ ಸಿಲ್ವರ್ ಸ್ಟಾರ್ ಪದಕ ಬಂದಿದ್ದು ಯಾವಾಗ ಗೊತ್ತಾ? 1996ರಲ್ಲಿ. 27 ವರ್ಷ ಆದ್ಮೇಲೆ.

ಅಷ್ಟರಲ್ಲಿ ಬೇರೆಯದೇ ಶತ್ರು ಮೈಯೊಳಗೆ ಸೇರಿತ್ತು. 1975ರಲ್ಲಿ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದ್ರು. ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನೇ ತಿನ್ನೋ ಕಾಯಿಲೆ. ಸ್ನಾಯು ಕೈಕೊಡುತ್ತೆ. ಗಂಟೆಗಟ್ಟಲೆ ಅಲ್ಲಾಡದೆ ಮಲಗ್ತಿದ್ದವನಿಗೆ ತನ್ನ ಮೈ ಮೇಲೇ ಹಿಡಿತ ತಪ್ಪತೊಡಗಿತು. ಆದರೂ ಬಿಡಲಿಲ್ಲ. ವರ್ಜೀನಿಯಾದ ಕ್ವಾಂಟಿಕೋದಲ್ಲಿ ಮರೀನ್ ಸ್ನೈಪರ್ ಶಾಲೆ ಕಟ್ಟಲು ನೆರವಾದ, ಹುಡುಗರಿಗೆ ಕಲಿಸಿದ.

1979ರಲ್ಲಿ ಕುಸಿದ. ಸೇನೆ ಆರೋಗ್ಯದ ಕಾರಣಕ್ಕೆ ಮನೆಗೆ ಕಳಿಸಿತು. 20 ವರ್ಷ ಸೇವೆ ಮುಗಿಸಲು ಬಾಕಿ ಇದ್ದಿದ್ದು 55 ದಿನ. ಪೂರ್ತಿ ಅಂಗವೈಕಲ್ಯದ ಪಿಂಚಣಿ ಸಿಕ್ಕಿತು, ದುಡ್ಡಿಗೆ ಅಂಥ ತೊಂದರೆ ಆಗಲಿಲ್ಲ. ನೋವಾಗಿದ್ದು ಬೇರೆ ಕಡೆ. ತನ್ನನ್ನ ಹೊರಗೆ ಹಾಕಿದ್ರು ಅನ್ನೋ ಸಂಕಟದಲ್ಲಿ ಮನೆಯೊಳಗೇ ಕೂತುಬಿಟ್ಟ. ಹೆಂಡತಿ ಜೋ ಬಿಟ್ಟು ಹೋಗೋ ಹಂತಕ್ಕೂ ಬಂದು, ಕೊನೆಗೆ ಉಳಿದಳು.

ಅವನನ್ನ ಎಬ್ಬಿಸಿದ್ದು ಶಾರ್ಕ್ ಮೀನು ಹಿಡಿಯೋ ಹುಚ್ಚು. ವರ್ಜೀನಿಯಾ ಬೀಚ್‌ನಲ್ಲಿ ಮೀನುಗಾರರ ಜತೆ ದೋಣಿ ಹತ್ತಿದ. ದೋಣಿಯಲ್ಲಿ ಯಾವುದೂ ಅಲ್ಲಾಡದೆ ಇರಲ್ಲ, ಯಾರೂ ಹಾಗೆ ಇರು ಅನ್ನೋದೂ ಇಲ್ಲ. ಮಗನೂ ಮರೀನ್ ಸೇರಿದ.

1999ರ ಫೆಬ್ರವರಿಯಲ್ಲಿ ಹ್ಯಾತ್‌ಕಾಕ್ ತೀರಿಕೊಂಡಾಗ ವಯಸ್ಸು 56. ನಾರ್ಫೋಕ್‌ನಲ್ಲಿ ಮಣ್ಣು ಮಾಡಿದರು. ಆ ಹೊತ್ತಿಗೆ ಮರೀನ್ ಸ್ನೈಪರುಗಳ ಬಂದೂಕಿನ ಮೇಲೆ ಇದ್ದದ್ದೂ ಯುನರ್ಟ್ಲ್ ಸ್ಕೋಪೇ, ಎಂಟರ ಬದಲು ಹತ್ತು ಪಟ್ಟಿನದು.