ವಿಶ್ವೇಶ್ವರಯ್ಯನವರ ರಸ್ತೆಗಿಳಿಯದ ಕಾರು

ಸೆಪ್ಟೆಂಬರ್ 15 ಬಂತೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಎರಡು ಕಥೆಗಳು ತಪ್ಪದೆ ಮೊಬೈಲಿಗೆ ಬಂದು ಬೀಳುತ್ತವೆ. ಒಂದು, ಸರ್ಕಾರಿ ಕೆಲಸಕ್ಕೊಂದು ಮೇಣದ ಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು. ಎರಡನೆಯದು, ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋದವರು ವಾಪಸ್ ಬಂದಿದ್ದು ಸ್ವಂತ ಕಾರಿನಲ್ಲಿ ಅನ್ನೋದು. ಜನ ಪ್ರೀತಿಯಿಂದ ಹೇಳುತ್ತಾರೆ, ಹೇಳಲಿ. ಆದರೆ ಅವರ ಬದುಕಿನಲ್ಲಿ ಇನ್ನೊಂದು ಕಾರಿನ ಕಥೆ ಇದೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಇವತ್ತು ಷೋರೂಮಿನಲ್ಲಿ ಕಾರಿನ ಬೆಲೆ ಕೇಳಿ ಬೆಚ್ಚಿಬೀಳುವ ನಮಗೆಲ್ಲ ಹೆಚ್ಚು ಬೇಕಾಗಿರುವುದು ಆ ಕಥೆಯೇ ಅಂತ ನನಗನ್ನಿಸುತ್ತದೆ.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಗೇಟುಗಳು, ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ಮಾಡಿಕೊಟ್ಟ ಯೋಜನೆ, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆ, ಕನ್ನಂಬಾಡಿ ಕಟ್ಟೆ, 1912ರಿಂದ 1918ರವರೆಗೆ ದಿವಾನಗಿರಿ. ಇವೆಲ್ಲ ಪಠ್ಯಪುಸ್ತಕದಲ್ಲೇ ಇವೆ. ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾಲಯ, ಗಂಧದೆಣ್ಣೆ ಕಾರ್ಖಾನೆ ಬಂದಿದ್ದು ಆ ಆರು ವರ್ಷಗಳಲ್ಲೇ. ಹಾಗೆಯೇ, ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ಕೊಡುವ ಪ್ರಶ್ನೆಯಲ್ಲಿ ಮಹಾರಾಜರ ಜೊತೆ ಭಿನ್ನಾಭಿಪ್ರಾಯ ಬಂದು ಹುದ್ದೆ ಬಿಟ್ಟಿದ್ದೂ ನಿಜ. ಆ ವಿಷಯದಲ್ಲಿ ಮಹಾರಾಜರೇ ಸರಿ ಅಂತ ನಂಬುವವನು ನಾನು. ದೊಡ್ಡವರ ಜೀವನ ಬರೆಯುವಾಗ ಇಂಥದ್ದನ್ನು ಮರೆಮಾಚಬಾರದು.

ದಿವಾನಗಿರಿ ಬಿಟ್ಟ ಮೇಲೆ ಅವರು ಸುಮ್ಮನೆ ಕೂರಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಯುದ್ಧಕಾಲದ ಬೆಲೆಗಳು ಕುಸಿದಿದ್ದವು. ಕಾರ್ಖಾನೆ ಬಿಳಿ ಆನೆ ಅಂತ ಎಲ್ಲರೂ ಬೈಯುತ್ತಿದ್ದ ಹೊತ್ತಿನಲ್ಲಿ ಅದರ ಆಡಳಿತ ವಹಿಸಿಕೊಂಡು, 1929ರ ಹೊತ್ತಿಗೆ ಹಳಿಗೆ ತಂದರು. ಕಬ್ಬಿಣ ಮಾಡುವುದಕ್ಕಿಂತ ಮಾಡಿದ ಕಬ್ಬಿಣವನ್ನು ಮಾರುವುದು ಕಷ್ಟ ಅನ್ನೋ ಪಾಠ ಅಲ್ಲಿ ಸಿಕ್ಕಿತು. ಕಬ್ಬಿಣ ಬೇಕೆನ್ನುವ ಇನ್ನೊಂದು ಕೈಗಾರಿಕೆ ದೇಶದಲ್ಲೇ ಇರಬೇಕಲ್ಲ? ನಾನು ಓದಿಕೊಂಡ ಮಟ್ಟಿಗೆ, ಕಾರಿನ ಕಡೆಗಿನ ಅವರ ದಾರಿ ಶುರುವಾಗುವುದು ಭದ್ರಾವತಿಯ ಕುಲುಮೆಯಿಂದಲೇ.

ಪೆಟ್ಟಿಗೆಯಲ್ಲಿ ಬಂದ ಕಾರುಗಳು

ಆಗ ಭಾರತದಲ್ಲಿ ಕಾರು ಇರಲಿಲ್ಲ ಅಂತಲ್ಲ. ಜನರಲ್ ಮೋಟರ್ಸ್ 1928ರಲ್ಲೇ ಬೊಂಬಾಯಿಯಲ್ಲಿ ಕಾರು ಜೋಡಿಸಲು ಶುರುಮಾಡಿತ್ತು. ಫೋರ್ಡ್ ಕೂಡ ಹಿಂದೆಯೇ ಬಂತು. ಆದರೆ ಗಮನಿಸಿ, ಅದು ಜೋಡಣೆ, ತಯಾರಿಕೆಯಲ್ಲ. ಎಂಜಿನ್ನು, ಗೇರು, ಆಕ್ಸಲ್ಲು ಎಲ್ಲ ಪೆಟ್ಟಿಗೆಗಳಲ್ಲಿ ಹಡಗಿನಲ್ಲಿ ಬರುತ್ತಿದ್ದವು. ಇಲ್ಲಿಯವರು ಬೋಲ್ಟ್ ಬಿಗಿದು, ಬಣ್ಣ ಹಚ್ಚಿ ಕಳಿಸುತ್ತಿದ್ದರು. ಇಡೀ ಕಾರನ್ನು ತರುವುದಕ್ಕಿಂತ ಬಿಡಿಭಾಗ ತಂದು ಜೋಡಿಸಿದರೆ ಹಡಗಿನ ಖರ್ಚು ಕಡಿಮೆ, ಲಾಭ ಜಾಸ್ತಿ.

ತೆರಿಗೆಯಂತೂ ಇತ್ತು. ಕಾರಿನ ಮೇಲೆ ಆಮದು ಸುಂಕ. ರಸ್ತೆಗಳಿಗಾಗಿ 1929ರಿಂದ ಪ್ರತಿ ಗ್ಯಾಲನ್ ಪೆಟ್ರೋಲಿನ ಮೇಲೆ ಎರಡಾಣೆ ಹೆಚ್ಚುವರಿ ಸುಂಕ. ಆದರೆ ಈ ಆಮದು ಸುಂಕ ಬೊಕ್ಕಸ ತುಂಬಿಸುವುದಕ್ಕಿತ್ತೇ ಹೊರತು ಇಲ್ಲೊಂದು ಕೈಗಾರಿಕೆ ಬೆಳೆಸುವುದಕ್ಕಲ್ಲ. ಕೊಳ್ಳುವವನು ಸುಂಕ ಕಟ್ಟುತ್ತಿದ್ದ, ಸರ್ಕಾರ ಎಣಿಸಿಕೊಳ್ಳುತ್ತಿತ್ತು, ಕಾರು ಮಾಡುವ ವಿದ್ಯೆ ಮಾತ್ರ ಡೆಟ್ರಾಯಿಟ್‌ನಲ್ಲೇ ಉಳಿಯುತ್ತಿತ್ತು.

1934ರಲ್ಲಿ ಭಾರತಕ್ಕೊಂದು ಯೋಜಿತ ಆರ್ಥಿಕತೆ ಬೇಕೆಂದು ಪುಸ್ತಕ ಬರೆದ ವಿಶ್ವೇಶ್ವರಯ್ಯ, ಮರುವರ್ಷವೇ ಯುರೋಪು, ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಲು ಹೊರಟರು. ವಯಸ್ಸು ಎಪ್ಪತ್ತು ದಾಟಿತ್ತು. ಫೋರ್ಡ್ ಕಾರ್ಖಾನೆಯನ್ನೂ ಕಂಡು ಬಂದರು. ಬಂದವರೇ ಒಂದು ಯೋಜನೆ ಬರೆದರು. ಅದರ ತಿರುಳು ಇಷ್ಟು: ಮೊದಲು ಪರದೇಶದ ಕಂಪನಿಯ ತಾಂತ್ರಿಕ ನೆರವು ಪಡೆಯೋಣ, ಆಮೇಲೆ ಹಂತಹಂತವಾಗಿ ಬಿಡಿಭಾಗಗಳನ್ನು ಇಲ್ಲೇ ಮಾಡೋಣ, ಸರ್ಕಾರ ಶುರುವಿನ ವರ್ಷಗಳಲ್ಲಿ ಬೆನ್ನಿಗೆ ನಿಲ್ಲಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು.

ಆಗದೇ ಹೋದದ್ದು ಹೇಗೆ

ಬೊಂಬಾಯಿ ಪ್ರಾಂತ್ಯದ ಕಾಂಗ್ರೆಸ್ ಸರ್ಕಾರ ಆಸಕ್ತಿ ತೋರಿಸಿತು. ಹೂಡಿಕೆದಾರರಿಗೆ ಧೈರ್ಯ ಬರುವ ಹಾಗೆ ಬಡ್ಡಿಯ ಖಾತರಿ ಕೊಡಲೂ ಮುಂದಾಯಿತು. ಅಷ್ಟರಲ್ಲಿ 1939ರಲ್ಲಿ ಯುದ್ಧ ಬಂತು, ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು, ಖಾತರಿಯೂ ಹೋಯಿತು. ವಾಲ್‌ಚಂದ್ ಅಮೆರಿಕದ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡರು. ಕಾರ್ಖಾನೆ ಬೆಂಗಳೂರಿಗೇ ಬರಲಿ ಅಂತ ಮೈಸೂರು ಸಂಸ್ಥಾನ ಕೈಜೋಡಿಸಲು ಒಪ್ಪಿತು. ಇದು ಬ್ರಿಟಿಷ್ ಭಾರತ ಸರ್ಕಾರಕ್ಕೆ ಹಿಡಿಸಲಿಲ್ಲ. ಯುದ್ಧದ ಪ್ರಯತ್ನದಲ್ಲಿ ಇದು ಸೇರುವುದಿಲ್ಲ ಅಂತ ನೆರವು ನಿರಾಕರಿಸಿತು. ಮೇಲಿನ ಒತ್ತಡಕ್ಕೆ ಮೈಸೂರು ಹಿಂದೆ ಸರಿಯಬೇಕಾಯಿತು.

ಇದೇ ಹೊತ್ತಿನಲ್ಲಿ, 1940ರ ಡಿಸೆಂಬರಿನಲ್ಲಿ, ಅದೇ ವಾಲ್‌ಚಂದ್, ಅದೇ ಮೈಸೂರು ಸಂಸ್ಥಾನ, ಅದೇ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. ಇವತ್ತಿನ ಎಚ್‌ಎಎಲ್ ಅದೇ. ವಿಮಾನ ಯುದ್ಧಕ್ಕೆ ಬೇಕಿತ್ತು, ಅದಕ್ಕೆ ಅನುಮತಿ ಸಿಕ್ಕಿತು. ವಿಮಾನವನ್ನೇ ಕೂರಿಸಿ ಹಾರಿಸಬಲ್ಲ ಊರಿಗೆ ಕಾರು ಮಾಡಲು ಯೋಗ್ಯತೆ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೊರತೆ ಇದ್ದದ್ದು ಅಧಿಕಾರದ್ದು.

ವಿಶ್ವೇಶ್ವರಯ್ಯ ಕೈಚೆಲ್ಲಲಿಲ್ಲ. 1941ರಲ್ಲಿ ಅಖಿಲ ಭಾರತ ತಯಾರಕರ ಸಂಘಟನೆ ಕಟ್ಟಿದರು. ಭದ್ರಾವತಿಯ ಕೆಲಸಕ್ಕೆ ತಮಗೆ ಬರಬೇಕಿದ್ದ ಸಂಭಾವನೆಯನ್ನು ಬಳಸಿ ಬೆಂಗಳೂರಿನಲ್ಲಿ ಕಸುಬು ಕಲಿಸುವ ಸಂಸ್ಥೆ ತೆರೆಯಿರಿ ಅಂದರು. ಇವತ್ತಿನ ಎಸ್.ಜೆ. ಪಾಲಿಟೆಕ್ನಿಕ್ ಬಂದಿದ್ದು ಹಾಗೆ. ಕಾರ್ಖಾನೆ ಬರುವ ಮೊದಲೇ ಕೆಲಸಗಾರ ತಯಾರಿರಬೇಕು ಅನ್ನೋದು ಅವರ ಲೆಕ್ಕ. ವಾಲ್‌ಚಂದ್ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಬಿರ್ಲಾಗಳ ಹಿಂದೂಸ್ತಾನ್ ಮೋಟರ್ಸ್ 1942ರಲ್ಲೇ ಹುಟ್ಟಿತ್ತು. ಬೆಂಗಳೂರಿಗೆ ಬರಬೇಕಿದ್ದ ಕಾರು ಬೊಂಬಾಯಿ, ಕಲ್ಕತ್ತದ ಪಾಲಾಯಿತು.

ಅವರ ವಾದ ಗೆದ್ದಿದ್ದು ಸ್ವಾತಂತ್ರ್ಯದ ನಂತರ. ದೇಶದಲ್ಲೇ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಇಲ್ಲಿ ಜಾಗವಿಲ್ಲ ಅಂತ ಸುಂಕ ಆಯೋಗ 1953ರಲ್ಲಿ ಶಿಫಾರಸು ಮಾಡಿತು. ಬರೀ ಜೋಡಿಸುತ್ತಿದ್ದ ಜನರಲ್ ಮೋಟರ್ಸ್, ಫೋರ್ಡ್ ಬಾಗಿಲು ಹಾಕಿದವು. 1955ರಲ್ಲಿ ಅವರಿಗೆ ಭಾರತರತ್ನ ಬಂತು. ನೂರರ ಸಂಭ್ರಮವನ್ನೂ ಕಂಡು, 1962ರ ಏಪ್ರಿಲಿನಲ್ಲಿ ತೀರಿಕೊಂಡರು.

ಅರ್ಧ ಗೆಲುವು

ಇಲ್ಲಿಗೆ ಕಥೆ ಸುಖಾಂತ ಅನ್ನಬಹುದಿತ್ತು. ಹಾಗಾಗಲಿಲ್ಲ. ಹೊರಗಿನ ಕಾರಿಗೆ ಬಾಗಿಲು ಮುಚ್ಚಿದೆವು ಸರಿ, ಒಳಗೆ ಪೈಪೋಟಿಗೂ ಬಾಗಿಲು ಮುಚ್ಚಿದೆವು. ಎಷ್ಟು ಕಾರು ಮಾಡಬೇಕು ಅಂತ ಲೈಸೆನ್ಸ್ ಹೇಳುತ್ತಿತ್ತು. ಅಂಬಾಸಿಡರ್, ಫಿಯೆಟ್ ಬುಕ್ ಮಾಡಿ ಜನ ವರ್ಷಗಟ್ಟಲೆ ಕಾದರು. ಕಾಯುವ ಗಿರಾಕಿ ಇದ್ದರೆ ಕಾರು ಸುಧಾರಿಸುವ ಗರಜು ಯಾವ ಕಂಪನಿಗೆ ಇರುತ್ತೆ? 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೂ ಇದೇ ಪಾಡು. ಮಾರುತಿ ಮಾಡಿದ್ದಾದರೂ ಏನು? ಸುಜುಕಿಯ ತಂತ್ರಜ್ಞಾನ ತಂದು, ಮೊದಲು ಬಿಡಿಭಾಗ ಜೋಡಿಸಿ, ಆಮೇಲೆ ಒಂದೊಂದನ್ನೇ ಇಲ್ಲಿ ಮಾಡಿದ್ದು. 1930ರ ದಶಕದ ಆ ಮುದುಕರ ಯೋಜನೆಯ ದಾರಿಯೂ ಹೆಚ್ಚುಕಡಿಮೆ ಇದೇ ಆಗಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. 2025ರ ಸೆಪ್ಟೆಂಬರಿನಿಂದ ಸಣ್ಣ ಕಾರುಗಳಿಗೆ ಜಿಎಸ್‌ಟಿ ಶೇ 18, ದೊಡ್ಡವಕ್ಕೆ ಶೇ 40, ಎಲೆಕ್ಟ್ರಿಕ್ ಕಾರುಗಳಿಗೆ ಶೇ 5. ಅದರ ಮೇಲೆ ಕರ್ನಾಟಕದ ಜೀವಾವಧಿ ರಸ್ತೆ ತೆರಿಗೆ, ಪೆಟ್ರೋಲ್, ಡೀಸೆಲ್ ಕಾರಿನ ಬೆಲೆ ನೋಡಿಕೊಂಡು ಶೇ 13ರಿಂದ 18. ಷೋರೂಮಿನಲ್ಲಿ 12 ಲಕ್ಷ ರೂಪಾಯಿಯ ಕಾರಿಗೆ ಶೇ 17 ಅಂದರೆ 2,04,000 ರೂಪಾಯಿ. ಸೆಸ್ಸು, ವಿಮೆ ಬೇರೆ. ಈ ತೆರಿಗೆ ಹಾಕುವಾಗ ಆ ಕಾರಿನಲ್ಲಿ ಎಷ್ಟು ಭಾಗ ಇಲ್ಲಿ ತಯಾರಾಗಿದೆ ಅಂತ ಆರ್‌ಟಿಒ ಕೇಳುವುದಿಲ್ಲ. 1930ರ ಸುಂಕದ ಹಾಗೆ ಇದೂ ಬೊಕ್ಕಸದ ಲೆಕ್ಕ.

ಕಾರಿಗೆ ತೆರಿಗೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವರ ದುಡ್ಡಲ್ಲಿ ಕಾರಿನವರಿಗೆ ರಸ್ತೆ ಮಾಡಿಕೊಡುವುದು ನ್ಯಾಯವೂ ಅಲ್ಲ. ನನ್ನ ತಕರಾರು ಇಷ್ಟೇ: ತೆರಿಗೆ ಕಟ್ಟುವವನಿಗೆ ಅದರಿಂದ ಏನು ಕಟ್ಟುತ್ತಿದ್ದೇವೆ ಅಂತ ಸರ್ಕಾರ ಹೇಳಬೇಕು. ಕೇಂದ್ರದ ಉತ್ಪಾದನಾ ಪ್ರೋತ್ಸಾಹ ಯೋಜನೆ ಕನಿಷ್ಠ ಶೇ 50ರಷ್ಟು ದೇಶೀ ಮೌಲ್ಯವರ್ಧನೆ ಕೇಳುತ್ತದೆ, ಅದು ಒಳ್ಳೆಯದೇ. ಆದರೂ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಸೆಲ್ಲುಗಳು ಬಹುಪಾಲು ಚೀನಾದಿಂದಲೇ ಬರುತ್ತಿವೆ. 2025ರಲ್ಲಿ ಚೀನಾ ವಿರಳ ಲೋಹದ ಅಯಸ್ಕಾಂತಗಳ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ಕಾರು ಕಂಪನಿಗಳು ಕಂಗಾಲಾದವು. ಮತ್ತೆ ಪೆಟ್ಟಿಗೆ ಬರಬೇಕು, ಮತ್ತೆ ಬೋಲ್ಟ್ ಬಿಗಿಯಬೇಕು. ಹಡಗು ಮಾತ್ರ ಬೇರೆ ದಿಕ್ಕಿನಿಂದ ಬರುತ್ತಿದೆ.

ಬಿಡದಿಯಲ್ಲಿ ಟೊಯೊಟಾ ಇದೆ. ದೇಶದ ಮೊದಮೊದಲ ಎಲೆಕ್ಟ್ರಿಕ್ ಕಾರುಗಳಲ್ಲೊಂದಾದ ರೇವಾ 2001ರಲ್ಲಿ ಬೆಂಗಳೂರಿನಿಂದಲೇ ರಸ್ತೆಗಿಳಿಯಿತು. ನಮಗೆ ಕೈ ಇದೆ, ತಲೆಯೂ ಇದೆ. ವಿನಾಯಿತಿ ಕೊಡುವಾಗ ಯಾವ ವರ್ಷದೊಳಗೆ ಯಾವ ಭಾಗ ಇಲ್ಲಿ ತಯಾರಾಗಬೇಕು ಅಂತ ಬರೆದುಕೊಳ್ಳಬೇಕು. ಆಗದಿದ್ದರೆ ವಿನಾಯಿತಿ ವಾಪಸ್ ಪಡೆಯಬೇಕು. ಜೊತೆಗೆ ಪೈಪೋಟಿಯ ಬಾಗಿಲು ತೆರೆದೇ ಇರಬೇಕು, ಇಲ್ಲದಿದ್ದರೆ ಇನ್ನೊಂದು ಅಂಬಾಸಿಡರ್‌ಗೆ ಮೂವತ್ತು ವರ್ಷ ಕಾಯಬೇಕಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಆ ಷರತ್ತು ಹಾಕುವ ಅಧಿಕಾರ ನಮ್ಮ ಕೈಯಲ್ಲಿ ಇರಲಿಲ್ಲ. ಈಗ ಇದೆ. ಮುಂದಿನ ಬಜೆಟ್ಟಿನಲ್ಲಿ ರಸ್ತೆ ತೆರಿಗೆಯ ಹೊಸ ದರ ಓದುವಾಗ ನಮ್ಮ ಶಾಸಕರಲ್ಲಿ ಒಬ್ಬರಾದರೂ ಎದ್ದು ಈ ಪ್ರಶ್ನೆ ಕೇಳಲಿ.