ಆದಿಕವಿ ಪಂಪ ಮತ್ತು ಕುಲವಿಚಾರ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ಎರಡು ಕಾರಣಗಳಿಂದ ಕನ್ನಡಿಗರಿಗೆ ಆದರಣೀಯವಾದ ಸ್ಥಳ. ಹನ್ನೊಂದನೆಯ ಶತಮಾನದ ಅಮೃತೇಶ್ವರ ದೇವಾಲಯವು ಅಲ್ಲಿರುವುದು ಒಂದು ಕಾರಣ. ಆದಿಕವಿಯೆಂದು ಮಾನ್ಯನಾದ ಪಂಪನ ತಾಯಿ ಅಬ್ಬಣಬ್ಬೆಯು ಆ ಊರಿನ ಮನೆತನದವಳೆಂಬುದು ಇನ್ನೊಂದು. ಪಂಪನ ಕಾವ್ಯಸೌಂದರ್ಯವನ್ನು ಕುರಿತು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ಕುಲವೆಂದರೇನು, ಮನುಷ್ಯರಲ್ಲಿ ಮೇಲುಕೀಳುಗಳು ಎಲ್ಲಿಂದ ಹುಟ್ಟಿದವು ಎಂಬ ಪ್ರಶ್ನೆಗಳು ಆ ಮಹಾಕವಿಯ ಬಾಳಿನಲ್ಲಿಯೂ ಕೃತಿಗಳಲ್ಲಿಯೂ ಹೇಗೆ ತಲೆಯೆತ್ತಿದವು ಎಂಬುದೇ ಇಲ್ಲಿಯ ವಿಷಯ.

ಪಂಪನು ಹುಟ್ಟಿದ್ದು ದುಂದುಭಿ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 902ರಲ್ಲಿ. ಅವನ ಪೂರ್ವಜರು ವೆಂಗಿನಾಡಿನ ವೈದಿಕ ಬ್ರಾಹ್ಮಣರು. ವಂಶದ ಹಿರಿಯನಾದ ಮಾಧವ ಸೋಮಯಾಜಿಯು ಯಜ್ಞಯಾಗಾದಿಗಳಿಂದ ಹೆಸರಾದವನು. ಪಂಪನ ತಂದೆ ಭೀಮಪಯ್ಯನು, ಎಂದರೆ ಅಭಿರಾಮದೇವರಾಯನು, ಕುಲಪರಂಪರೆಯ ಆಚಾರವನ್ನು ಬಿಟ್ಟು ಜಿನಧರ್ಮವನ್ನು ಸ್ವೀಕರಿಸಿದನು. ತಾಯಿಯು ಬೆಳ್ವೊಲನಾಡಿನ ಅಣ್ಣಿಗೇರಿಯ ಜೋಯಿಸ ಸಿಂಘನ ವಂಶದವಳೆಂಬುದನ್ನು ತಿಳಿಸುವುದು ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಳಿ ಬಂಡೆಯ ಮೇಲೆ ಕೆತ್ತಿಸಿದ ಶಾಸನ. ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳೂ ಅದರಲ್ಲಿ ಸೇರಿವೆ. ಹೀಗೆ ಪಂಪನು ವಂಶದಿಂದ ಬ್ರಾಹ್ಮಣ, ಧರ್ಮದಿಂದ ಜೈನ. ವೃತ್ತಿಯಿಂದ ಅವನು ಕವಿಯೂ ಹೌದು, ಯುದ್ಧರಂಗವನ್ನು ಕಂಡ ಕಲಿಯೂ ಹೌದು. ಒಂದು ಕುಲಕ್ಕೆ ಒಂದೇ ಆಚಾರ, ಒಂದೇ ಉದ್ಯೋಗ ಎಂಬ ಕಟ್ಟು ಅವನ ಮನೆಯಲ್ಲಿ ಅವನ ಬಾಲ್ಯಕ್ಕೇ ಸಡಿಲಿತ್ತು.

ಅವನಿಗೆ ಆಶ್ರಯವಿತ್ತವನು ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿ. ಈ ಅರಿಕೇಸರಿಯಾದರೂ ಸ್ವತಂತ್ರ ಚಕ್ರವರ್ತಿಯಲ್ಲ, ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತ. ಚಕ್ರವರ್ತಿಯ ಕೆಳಗೆ ಸಾಮಂತರು, ಸಾಮಂತರ ಕೆಳಗೆ ನಾಡಿನ ಅಧಿಕಾರಿಗಳು, ಅವರ ಕೆಳಗೆ ಊರ ಗಾವುಂಡರು, ಎಲ್ಲರ ಕೆಳಗೆ ನೆಲವನ್ನು ಉಳುವವರು: ಇದು ಆ ಕಾಲದ ಏಣಿ. ಭಾರತಕಥೆಯನ್ನು ಕನ್ನಡದಲ್ಲಿ ರಚಿಸಿದ್ದಕ್ಕಾಗಿ ಅರಿಕೇಸರಿಯು ಪಂಪನಿಗೆ ಬಚ್ಚೆಸಾಸಿರದ ಧರ್ಮವುರವೆಂಬ ಅಗ್ರಹಾರವನ್ನು ದಾನವಾಗಿ ಕೊಟ್ಟನು. ಅಗ್ರಹಾರವೆಂದರೆ ಊರ ಹುಟ್ಟುವಳಿಯ ಮೇಲೆ ದಾನ ಪಡೆದವನಿಗೆ ಸಲ್ಲುವ ಹಕ್ಕು. ಕವಿಯ ಮನೆಗೆ ಬಂದ ಧಾನ್ಯವನ್ನು ಬೆಳೆದವರು ಬೇರೆಯವರು. ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದವನೇ ಕುಲದ ಪ್ರಶ್ನೆಯನ್ನು ಎತ್ತಿದನೆಂಬುದನ್ನು ಮರೆಯಲಾಗದು.

ಪಂಪನು ತನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, 941ರಲ್ಲಿ, ಆದಿಪುರಾಣವನ್ನು ಮುಗಿಸಿದನು. ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣವು ಅದಕ್ಕೆ ಆಕರ. ಜೈನ ಪುರಾಣವು ಹೇಳುವ ಸಮಾಜದ ಉತ್ಪತ್ತಿಕ್ರಮವು ಗಮನಾರ್ಹವಾದುದು. ಮೊದಲು ಭೋಗಭೂಮಿ, ಕಲ್ಪವೃಕ್ಷಗಳು ಬೇಡಿದ್ದನ್ನೆಲ್ಲ ಕೊಡುತ್ತಿದ್ದುದರಿಂದ ದುಡಿಮೆಯಿಲ್ಲ, ಒಡೆತನವಿಲ್ಲ, ಮೇಲುಕೀಳಿಲ್ಲ. ಕಾಲಾಂತರದಲ್ಲಿ ಆ ವೃಕ್ಷಗಳು ಕ್ಷೀಣಿಸಿ ಜನರು ಹಸಿದರು. ಆಗ ಆದಿನಾಥನು ಆಯುಧ, ಬರಹ, ಬೇಸಾಯ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಕಲಿಸಿ, ಕೆಲಸಕ್ಕೆ ತಕ್ಕಂತೆ ಕ್ಷತ್ರಿಯ, ವೈಶ್ಯ, ಶೂದ್ರರೆಂಬ ವಿಭಾಗಗಳನ್ನು ಏರ್ಪಡಿಸಿದನು. ವ್ರತನಿಷ್ಠರನ್ನು ಆರಿಸಿ ದ್ವಿಜವರ್ಣವನ್ನು ಮಾಡಿದವನು ಅವನ ಮಗ ಭರತ ಚಕ್ರವರ್ತಿ. ಇದರ ತಾತ್ಪರ್ಯವು ಸ್ಪಷ್ಟವಾಗಿದೆ. ಮಾನವಜಾತಿಯು ಹುಟ್ಟಿನಿಂದ ಒಂದೇ ಆಗಿದ್ದು, ಭೇದಗಳು ಜೀವನೋಪಾಯದಿಂದ ಬಂದವು. ಅವನ್ನು ಮಾಡಿದವರೂ ಮನುಷ್ಯರೇ, ಮಾಡಿದ ಕಾಲವೂ ಒಂದಿತ್ತು. ಯುರೋಪಿನಲ್ಲಿ ರೂಸೋ ಎಂಬ ತತ್ತ್ವಜ್ಞನು ಅಸಮಾನತೆಯ ಮೂಲವನ್ನು ಕುರಿತ ತನ್ನ ಪ್ರಬಂಧವನ್ನು ಪ್ರಕಟಿಸಿದ್ದು 1755ರಲ್ಲಿ, ಪಂಪನಿಗೆ ಎಂಟು ನೂರು ವರ್ಷಗಳ ತರುವಾಯ.

ಭೇದದ ಮೂಲವನ್ನು ಆದಿಪುರಾಣವು ಹೇಳಿದರೆ, ಭೇದದ ನೋವನ್ನು ಹೇಳುವುದು ವಿಕ್ರಮಾರ್ಜುನ ವಿಜಯ. ಅಸ್ತ್ರವಿದ್ಯೆಯ ಪ್ರದರ್ಶನಕ್ಕೆಂದು ರಂಗಕ್ಕೆ ಬಂದ ಕರ್ಣನನ್ನು ಮೊದಲು ಎದುರಿಸುವುದು ಬಾಣವಲ್ಲ, ತಾಯಿತಂದೆಗಳಾರೆಂಬ ಪ್ರಶ್ನೆ. ಕೇಳಿದವರು ಗುರುಸ್ಥಾನದಲ್ಲಿದ್ದವರು. ದುರ್ಯೋಧನನು ಅಲ್ಲಿಯೇ ಅವನಿಗೆ ಅಂಗರಾಜ್ಯದ ಪಟ್ಟವನ್ನು ಕಟ್ಟಿದನು. ರಾಜ್ಯ ಬಂದಿತು, ಸಂಪತ್ತು ಬಂದಿತು, ದಾನಿಯೆಂಬ ಕೀರ್ತಿಯೂ ಬಂದಿತು. ಆದರೂ ಎಷ್ಟೋ ವರ್ಷಗಳ ಮೇಲೆ, ಭೀಷ್ಮನಿಗೆ ಸೇನಾಪತ್ಯವನ್ನು ಕೊಟ್ಟ ಸಭೆಯಲ್ಲಿ ಕರ್ಣನು ಆಕ್ಷೇಪವೆತ್ತಿದಾಗ, ದ್ರೋಣನು ಅವನ ಮಾತಿಗೆ ಉತ್ತರ ಹೇಳದೆ ಅವನ ಕುಲವನ್ನೇ ಎತ್ತಿ ಆಡಿದನು. ಆಗ ಕರ್ಣನು ಕೊಟ್ಟ ಮರುಮಾತಿನಲ್ಲಿ ಕುಲದ ಅರ್ಥವೇ ಬದಲಾಯಿತು. ಛಲ, ಗುಣ, ಅಭಿಮಾನ, ಪರಾಕ್ರಮ ಇವೇ ಕುಲವೆಂದು ಅವನು ಸಾರಿದನು. ಆಶ್ರಯದಾತನನ್ನು ಅರ್ಜುನನೊಡನೆ ಸಮೀಕರಿಸಿ ಬರೆದ ಕಾವ್ಯದಲ್ಲಿಯೇ, ಭಾರತದಲ್ಲಿ ನೆನೆಯತಕ್ಕವನಿದ್ದರೆ ಅವನು ಕರ್ಣನೆಂದು ಆಸ್ಥಾನಕವಿಯು ಹೇಳಿದ್ದು ಸಣ್ಣ ಧೈರ್ಯವಲ್ಲ.

1920ರಲ್ಲಿ ತೀರಿಕೊಂಡ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರನು ಸಂಪತ್ತು, ಮರ್ಯಾದೆ, ಅಧಿಕಾರ ಈ ಮೂರನ್ನೂ ಬೇರೆಬೇರೆಯಾಗಿ ಎಣಿಸಬೇಕೆಂದು ವಾದಿಸಿದನು. ಆಸ್ತಿಯಿಂದ ವರ್ಗವಾಗುತ್ತದೆ, ಸಮಾಜವು ಕೊಡುವ ಮನ್ನಣೆಯಿಂದ ಅಂತಸ್ತು ಆಗುತ್ತದೆ, ಒಂದಿದ್ದವನಿಗೆ ಇನ್ನೊಂದು ತಾನಾಗಿ ದೊರೆಯಬೇಕೆಂಬ ನಿಯಮವಿಲ್ಲ. ಕರ್ಣನ ಕಥೆಯು ಈ ವಾದಕ್ಕೆ ಬರೆದ ಉದಾಹರಣೆಯಂತಿದೆ. ಅರಸನು ಒಂದು ಗಳಿಗೆಯಲ್ಲಿ ಅವನಿಗೆ ರಾಜ್ಯವನ್ನು ಕೊಡಬಲ್ಲವನಾದನು, ಪಂಕ್ತಿಯಲ್ಲಿ ಸಮಾನ ಸ್ಥಾನವನ್ನು ಕೊಡಲಾರದೆ ಹೋದನು. ಮನ್ನಣೆಯ ಬೀಗದ ಕೈ ಇದ್ದದ್ದು ವಿದ್ಯಾವಂತರಾದ ಹಿರಿಯರಲ್ಲಿ.

ಆದರೆ ಪಂಪನನ್ನು ಇಂದಿನ ಸಮತಾವಾದಿಯೆಂದು ಚಿತ್ರಿಸುವುದು ನ್ಯಾಯವಾಗದು. ತನ್ನ ತಂದೆಯ ಮತಾಂತರವನ್ನು ಸಮರ್ಥಿಸುವಾಗ ಅವನೇ ವಿಪ್ರಕುಲವನ್ನು ಜಾತಿಗಳಲ್ಲಿ ಉತ್ತಮವೆಂದು ಕರೆದಿದ್ದಾನೆ. ಭೇದವು ಕಸಬಿನಿಂದ ಹುಟ್ಟಿತೆಂದು ಅವನು ಕಂಡುಕೊಂಡನು. ಆ ಕಸಬುಗಳೊಳಗೇ ಒಂದು ಮೇಲು, ಒಂದು ಕೀಳು ಏಕಾಗಬೇಕೆಂದು ಕೇಳುವವರೆಗೆ ಮುಂದುವರಿಯಲಿಲ್ಲ. ಆ ಪ್ರಶ್ನೆಯನ್ನು ಕೇಳಿದವರು ಎರಡು ಶತಮಾನಗಳ ತರುವಾಯ ಬಂದ ಕಲ್ಯಾಣದ ಶರಣರು. ಎಲ್ಲ ಕಾಯಕವೂ ಸಮವೆಂದ ಅವರ ಮಾತಿಗೆ, ಕುಲವು ಮನುಷ್ಯಕೃತವೆಂದ ಪಂಪನ ಮಾತು ಹಿಂದಿನ ಮೆಟ್ಟಿಲಾಗಿ ತೋರುತ್ತದೆ.

ಅಣ್ಣಿಗೇರಿಯ ಮಗಳ ಮಗನು ತನ್ನ ಭಾರತಕ್ಕೆ ಆರಿಸಿಕೊಂಡ ನುಡಿ ಸಮೀಪದ ಪುಲಿಗೆರೆಯ, ಇಂದಿನ ಲಕ್ಷ್ಮೇಶ್ವರದ, ತಿರುಳ್ಗನ್ನಡ. ಆ ಸೀಮೆಯ ಎರೆಹೊಲಗಳ ಹಳ್ಳಿಗಳಿಂದ ಇಂದಿಗೂ ಮಕ್ಕಳು ಶಾಲೆಯ ಬಾಗಿಲಿಗೆ ಬರುತ್ತಾರೆ. ಶುಲ್ಕ, ಪುಸ್ತಕ, ಅನ್ನ, ವಸತಿ ಇವುಗಳ ಕೊರತೆಯನ್ನು ದಾನಿಗಳು ನೀಗಿಸಬಲ್ಲರು. ದುರ್ಯೋಧನನೂ ಕೊಡುವುದರಲ್ಲಿ ಕಡಮೆ ಮಾಡಿದವನಲ್ಲ. ಕರ್ಣನಿಗೆ ದೊರೆಯದೆ ಹೋದದ್ದು ಗುರುಗಳಿಂದ ದೊರೆಯಬೇಕಾದದ್ದು. ಹೊಸ ವಿದ್ಯಾರ್ಥಿಯು ಎದುರು ನಿಂತಾಗ ಮೊದಲು ಯಾವ ಪ್ರಶ್ನೆಯನ್ನು ಕೇಳಬೇಕೆಂಬುದು ಈಗಲೂ ಅವರ ಕೈಯಲ್ಲಿಯೇ ಇದೆ.