ಕಲ್ಲು, ಬಿಯರ್, ಅಫೀಮು: ಬೆಂಜಮಿನ್ ಫ್ರಾಂಕ್ಲಿನ್ ಪಟ್ಟ ಪಾಡು

ಗೊರೂರಿನ ಹೇಮಾವತಿ ಅಣೆಕಟ್ಟೆಯ ಕಡೆ ಹೋಗಿದ್ದಾಗ ಕಾಫಿ ಅಂಗಡಿಯಲ್ಲಿ ನಮ್ಮ ಕಿವಿಗೂ ಆ ಮಾತು ಬಿತ್ತು. ಎರಡು ಬಾಟಲಿ ಬಿಯರ್ ಕುಡಿದರೆ ಮೂತ್ರದ ಕಲ್ಲು ಇಳಿದುಹೋಗುತ್ತದಂತೆ. ಇದನ್ನು ಕೇಳಿದ್ದರೆ ಬೆಂಜಮಿನ್ ಫ್ರಾಂಕ್ಲಿನ್ ನಕ್ಕುಬಿಡುತ್ತಿದ್ದ. ಗಾಳಿಪಟ ಹಾರಿಸಿ ಮಿಂಚನ್ನು ಪರೀಕ್ಷಿಸಿದ, ನಮ್ಮ ಪಾಠದ ಪುಸ್ತಕದ ಅದೇ ಫ್ರಾಂಕ್ಲಿನ್.

1706ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಈತ ಹರೆಯದಲ್ಲಿ ಲಂಡನ್ನಿನ ಮುದ್ರಣಾಲಯವೊಂದರಲ್ಲಿ ದುಡಿದ. ಜೊತೆಯವರು ಬಲ ಬರಲೆಂದು ದಿನವಿಡೀ ಬಿಯರ್ ಕುಡಿಯುತ್ತಿದ್ದರು. ಈತ ಬರೀ ನೀರು ಕುಡಿದು, ಅವರು ಎರಡು ಕೈಯಲ್ಲಿ ಹೊರುವ ಭಾರವನ್ನು ಒಂದೊಂದು ಕೈಯಲ್ಲಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಬಿಯರಿನ ಬಲವೆಲ್ಲ ಅದರೊಳಗಿನ ಬಾರ್ಲಿಯದ್ದು, ಅದಕ್ಕಿಂತ ರೊಟ್ಟಿ ಮೇಲು ಎಂಬುದು ಅವನ ಲೆಕ್ಕ. ಕಲ್ಲಿನ ವಿಷಯವೂ ಹಾಗೆಯೇ. ಬಿಯರ್ ಸ್ವಲ್ಪ ಹೊತ್ತು ಮೂತ್ರ ಹೆಚ್ಚಿಸುತ್ತದೆ, ಕಲ್ಲನ್ನು ಕರಗಿಸುವುದಿಲ್ಲ. ಕಲ್ಲು ದಾರಿಗೆ ಅಡ್ಡ ನಿಂತಿದ್ದರೆ ಹಿಂದೆ ಒತ್ತಡ ಏರಿ ನೋವೇ ಹೆಚ್ಚುತ್ತದೆ.

1752ರಲ್ಲಿ ಅಣ್ಣ ಜಾನ್ ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದ. ಆಗಿನ ಲೋಹದ ಕೊಳವೆಗಳು ಸೆಟೆದು ನಿಲ್ಲುವಂಥವು. ಒಳಗೆ ಹಾಕುವುದೇ ಒಂದು ಶಿಕ್ಷೆ. ಫ್ರಾಂಕ್ಲಿನ್ ಅಕ್ಕಸಾಲಿಗನ ಪಕ್ಕ ಕೂತು, ಬಾಗುವ ಬೆಳ್ಳಿಯ ಕೊಳವೆ ಮಾಡಿಸಿ ಕಳಿಸಿದ. (ಮಿಂಚಿನ ಗಾಳಿಪಟದ ವರ್ಷವೂ ಅದೇ!)

ಮೂವತ್ತು ವರ್ಷದ ಮೇಲೆ ಕಲ್ಲು ಅವನನ್ನೂ ಹಿಡಿಯಿತು. ನೀರು ಕುಡಿಯುವವರಿಗೆ ಕಲ್ಲು ಬರುವುದೇ ಇಲ್ಲ ಎನ್ನುವಂತಿಲ್ಲ, ನೋಡಿ. ಗಾಡಿಯ ಕುಲುಕಾಟ ತಡೆಯಲಾರದೆ, 1785ರಲ್ಲಿ ಫ್ರಾನ್ಸ್ ಬಿಡುವಾಗ ಹೇಸರಗತ್ತೆಗಳು ಹೊರುವ ಪಲ್ಲಕ್ಕಿಯಲ್ಲಿ ಬಂದರಿನವರೆಗೆ ಹೋದ. ಕೊನೆಯ ದಿನಗಳಲ್ಲಿ ನೋವಿಗೆ ಅಫೀಮೇ ಗತಿಯಾಯಿತು. ಮೋಜಿಗಲ್ಲ, ಬೇರೆ ದಾರಿಯಿಲ್ಲದೆ. ಹಸಿವು ಸತ್ತಿತು, ಮೈ ಎಲುಬಿನ ಗೂಡಾಯಿತು.

ಅಫೀಮು ನೋವನ್ನಷ್ಟೇ ಮರೆಸುವುದಿಲ್ಲ. ಮೂತ್ರಕೋಶ ತುಂಬಿದ್ದೂ ತಿಳಿಯದಂತೆ ಮಾಡುತ್ತದೆ, ಅದು ಹಿಂಡುವ ಬಲ ಕುಗ್ಗಿಸುತ್ತದೆ, ಹೊರದಾರಿಯನ್ನು ಬಿಗಿಯುತ್ತದೆ. ಮೂತ್ರ ಕಟ್ಟುತ್ತದೆ, ಸೋಂಕಿಗೆ ಜಾಗವಾಗುತ್ತದೆ. ಇಂದು ಅಮಲಿಗೆಂದು ನುಂಗುವ ಅಫೀಮು ಜಾತಿಯ ನೋವಿನ ಮಾತ್ರೆಗಳ ಗುಣವೂ ಇದೇ. ಪಾರ್ಟಿಗಳ ಕೆಟಮಿನ್ ಇನ್ನೂ ಕಠೋರ. ಮೂತ್ರಕೋಶದ ಒಳಪದರವನ್ನೇ ಹುಣ್ಣಾಗಿಸಿ ಕುಗ್ಗಿಸುತ್ತದೆ. ಕೆನಡಾ, ಹಾಂಗ್‌ಕಾಂಗ್ ವೈದ್ಯರು ಇದನ್ನು ಬರೆದದ್ದು 2007ರಲ್ಲಿ. ಅಮಲು ಮಾಡುವ ಅಭ್ಯಾಸವಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ಮೂತ್ರ ಪೂರ್ತಿ ನಿಂತರೆ, ಅಥವಾ ನೋವಿನ ಜೊತೆ ಚಳಿಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.

ಫ್ರಾಂಕ್ಲಿನ್‌ಗೆ ಅಂಥ ಆಸ್ಪತ್ರೆ ಇರಲಿಲ್ಲ. ಅರಿವಳಿಕೆಯಿಲ್ಲದ ಕಾಲದ ಶಸ್ತ್ರಚಿಕಿತ್ಸೆಗೆ ಆ ವಯಸ್ಸಿನಲ್ಲಿ ಮೈಯೊಡ್ಡಲಿಲ್ಲ. 1790ರ ಏಪ್ರಿಲ್ 17ರಂದು, 84ರ ವಯಸ್ಸಿನಲ್ಲಿ, ಶ್ವಾಸಕೋಶದ ಕಾಯಿಲೆಯಿಂದ ಫಿಲಡೆಲ್ಫಿಯಾದಲ್ಲಿ ತೀರಿಕೊಂಡ. ಕಲ್ಲು ಒಳಗೇ ಇತ್ತು.